ಚಿನ್ನದ ಗೆರೆ ಕೊನೆಗೆ ಎಳೆಯಿರಿ ಅಕ್ಕಾ

ಅಕ್ಕಾ, ನಿಮ್ಮ ರೇಷ್ಮೆ ಸ್ಕಾರ್ಫ್ ಫೋಟೋ ದೊಡ್ಡದು ಮಾಡಿ ನೋಡಿದೆ. ಜಪಾನಿನ ಅರಿತಾ ಪಿಂಗಾಣಿಯ ನೀಲಿ ಹೂ, ಮೇಲೆ ಕಿಂತ್ಸುಗಿಯ, ಅಂದರೆ ಒಡೆದ ಬಟ್ಟಲು ಕೂಡಿಸಿದ ಕಡೆಯ, ಚಿನ್ನದ ಗೆರೆ. ನೀಲಿ ಗೆರೆ ದಾಟಿ ಹರಡಿದೆ, ಬಣ್ಣ ನೀರಾಯ್ತಾ, ಉಪ್ಪು ಹಾಕಲಾ ಅಂತ ಕೇಳಿದ್ದೀರಿ. ಬಣ್ಣದ ತಪ್ಪಲ್ಲ. ಉಪ್ಪು ಬೇಡ, ಅದು ಬಣ್ಣವನ್ನು ಇನ್ನಷ್ಟು ಎಳೆದಾಡುತ್ತದೆ. ಗುಟ್ಟಾ ಅಂದರೆ ಬಣ್ಣ ಹರಡದಂತೆ ಗೆರೆ ಎಳೆಯುವ ಅಂಟು. ನೀವು ಚಿನ್ನದ ಗುಟ್ಟಾವನ್ನೇ ತಡೆಗೆ ಬಳಸಿದ್ದೀರಿ, ಅದೂ ಕ್ರೇಪ್ ಮೇಲೆ. ತೊಂದರೆ ಅಲ್ಲಿದೆ.

ನಾನೂ ಹೀಗೇ ಮಾಡಿ 90 ಸೆಂ.ಮೀ. ಚೌಕದ ಒಂದು ಸ್ಕಾರ್ಫ್ ಕೆಡಿಸಿದ್ದೇನೆ. ತಂಗಿಗೆ ಕೊಡಬೇಕೆಂದು ಮೂರು ಸಂಜೆ ಕೂತು ಎಳೆದ ಗೆರೆಗಳು. ಮೇಲಿಂದ ಚೆನ್ನಾಗಿ ಹೊಳೆಯುತ್ತಿದ್ದವು. ನೀಲಿ ಮುಟ್ಟಿಸಿದ್ದೇ ತಡ, ಗೆರೆಯ ಅಡಿಯಿಂದ ನುಸುಳಿ ಆಚೆ ಬಿಳಿಗೆ ಹಬ್ಬಿತು. ಚೌಕಟ್ಟು ಮಗುಚಿ ನೋಡಿದರೆ ಹಿಂದೆ ಗೆರೆಯ ಗುರುತೇ ಇಲ್ಲ! ಚಿನ್ನದ ಪುಡಿ ಬೆರೆತ ಗುಟ್ಟಾ ದಪ್ಪ, ಎಳೆಯೊಳಗೆ ಇಳಿಯುವುದಿಲ್ಲ. ಕ್ರೇಪ್ ನೂಲಿಗೆ ಹುರಿ ಜಾಸ್ತಿ, ಮೇಲೆ ಏರುತಗ್ಗು. ಅಲ್ಲಂತೂ ಮೇಲೆಯೇ ಕೂರುತ್ತದೆ.

ಈಗ ನಾನು ಮೊದಲು ಬಣ್ಣವಿಲ್ಲದ ಗುಟ್ಟಾದಲ್ಲೇ ಎಲ್ಲ ಗೆರೆ ಎಳೆಯುತ್ತೇನೆ. ಒಣಗಿದ ಮೇಲೆ ಚೌಕಟ್ಟನ್ನು ಕಿಟಕಿಗೆ ಹಿಡಿದು ಹಿಂದಿನಿಂದ ನೋಡಿ. ಗೆರೆ ಇಳಿದಿದ್ದರೆ ಎಣ್ಣೆ ಬಿದ್ದ ಕಾಗದದ ಹಾಗೆ ಕಾಣುತ್ತದೆ. ಮಂಕಾಗಿದ್ದ ಕಡೆ ಹಿಂದಿನಿಂದಲೇ ಇನ್ನೊಂದು ಗೆರೆ. ಬಣ್ಣವನ್ನು ಗೆರೆಗೆ ಒತ್ತಬೇಡಿ. ಒಂದು ಬೆರಳು ದೂರ ಬಿಡಿ, ತಾನೇ ಹರಿದು ಹೋಗಿ ನಿಲ್ಲುತ್ತದೆ. ಬಣ್ಣ ಗಟ್ಟಿಯಾಗಲು ಹಬೆಗೆ ಹಾಕಿ, ತೊಳೆದು, ಒಣಗಿಸಿ, ಆಮೇಲೆ ಚಿನ್ನ. ಜಪಾನಿನಲ್ಲಿ ಒಡೆದ ಬಟ್ಟಲು ಸರಿಮಾಡುವವರೂ ಹಾಗೇ ಮಾಡುತ್ತಾರಲ್ವಾ? ಉರುಶಿ ಎಂಬ ಮರದ ಅಂಟಿಗೆ ಗೋಧಿ ಹಿಟ್ಟು ಕಲಸಿ ಚೂರು ಕೂಡಿಸುತ್ತಾರೆ, ಸಂದು ತುಂಬಿ ಉಜ್ಜುತ್ತಾರೆ. ಚಿನ್ನದ ಪುಡಿ ಉದುರಿಸುವುದು ಎಲ್ಲ ಆದ ಮೇಲೆ.

ಒಂದು ಎಚ್ಚರ. ನೀರಿನದಲ್ಲದ, ಸಾಲ್ವೆಂಟ್ ಚಿನ್ನದ ಗುಟ್ಟಾ ಬಳಸಿದರೆ ಡ್ರೈ ಕ್ಲೀನಿಂಗ್‌ಗೆ ಕೊಡಬೇಡಿ, ಗೆರೆ ಕರಗಿ ಹೋಗುತ್ತದೆ. ಇಸ್ತ್ರಿ ಹಿಂಬದಿಯಿಂದ ಮಾತ್ರ. ಹಬೆಗೆ ಇಟ್ಟ ಪಾತ್ರೆ ಮತ್ತೆ ಅಡುಗೆಗೆ ಬೇಡವೇ ಬೇಡ. ಮುಚ್ಚಳದ ಕೆಳಗೆ ದಪ್ಪ ಬಟ್ಟೆ ಕಟ್ಟಿ, ಒಂದು ಹನಿ ತೊಟ್ಟಿಕ್ಕಿದರೂ ಕಲೆ.

ಬಟ್ಟೆ 8 ಮೊಮ್ಮೆ (ರೇಷ್ಮೆಯ ತೂಕದ ಅಳತೆ) ಹಬೊತಾಯ್ ಎಂಬ ನಯವಾದ ತೆಳು ರೇಷ್ಮೆ ತಗೊಳ್ಳಿ, ಚದರ ಮೀಟರಿಗೆ ಸುಮಾರು 35 ಗ್ರಾಂ. ಮೊದಲು ತೊಳೆಯಿರಿ, ಗಂಜಿ ಉಳಿದಿದ್ದರೆ ಏನೂ ಇಳಿಯುವುದಿಲ್ಲ. ಪೆಬಿಯೊ ಸೆಟಾಸಿಲ್ಕ್ ಎಂಬ ರೇಷ್ಮೆ ಬಣ್ಣ ಇಸ್ತ್ರಿಯಲ್ಲೇ ಗಟ್ಟಿಯಾಗುತ್ತದೆ, ಕಲಿಯಲು ಸಾಕು. ಆ ನೀಲಿಯ ಆಳ ಬೇಕೆಂದರೆ ಹಬೆಯ ಡೈಯೇ ಬೇಕು, ನನ್ನ ಮಟ್ಟಿಗೆ ಜಾಕಾರ್ಡ್ ಕಂಪನಿಯ ಹಸಿರು ಲೇಬಲ್ ಡೈ. ಮಾಮೂಲಿ ಫ್ಯಾಬ್ರಿಕ್ ಬಣ್ಣ ರೇಷ್ಮೆಗೆ ಯಾಕ್ರೀ ಬಳಿಯುತ್ತೀರಿ? ಒಣಗಿ ಹಪ್ಪಳದ ಹಾಗಾಗುತ್ತದೆ. ಗುಂಪಿನಲ್ಲಿ ಎಷ್ಟು ಸಲ ಹೇಳಿದ್ದೇನೆ.

ಇನ್ನೊಂದು ವಿಷಯ. ನಿಮ್ಮ ಚಿನ್ನದ ಗೆರೆಗಳು ಬಲೆಯ ಹಾಗಿವೆ. ಅದು ಪಿಂಗಾಣಿಯ ಹೊಳಪಿನ ಲೇಪದಲ್ಲಿ ಮೂಡುವ ಕೂದಲೆಳೆ ಬಿರುಕು, ಕನ್ನ್ಯೂ ಅಂತಾರೆ. ಲೇಪ ಆರುವಾಗ ಮಣ್ಣಿಗಿಂತ ಜಾಸ್ತಿ ಕುಗ್ಗುವುದರಿಂದ ಬರುತ್ತದೆ. ಅದು ಬೇಕಿದ್ದರೆ ಪ್ಯಾರಾಫಿನ್ ಮೇಣ ಹಚ್ಚಿ, ತಣ್ಣಗೆ ಮಾಡಿ ಮುದುರಿ, ಮೇಣ ಬಿರಿದ ಕಡೆ ಬಣ್ಣ ಇಳಿಯುತ್ತದೆ. ಜೇನುಮೇಣ ಮೆತ್ತಗೆ, ಸರಿಯಾಗಿ ಒಡೆಯುವುದಿಲ್ಲ. ಕಿಂತ್ಸುಗಿಯದು ಬೇರೆ, ಒಡೆದ ಬಟ್ಟಲಿನ ಗೆರೆಗಳು ಪೆಟ್ಟು ಬಿದ್ದ ಒಂದು ಜಾಗದಿಂದ ಹೊರಟು ಅಂಚಿನವರೆಗೆ ಓಡುತ್ತವೆ. ನಾಲ್ಕೈದು ಸಾಕು.

ಈಗಿನ ಸ್ಕಾರ್ಫ್ ಬಿಸಾಡಬೇಡಿ. ಹರಡಿದ ಕಡೆಯಿಂದ ಅಂಚಿನವರೆಗೂ ಕಡುನೀಲಿ ತುಂಬಿಬಿಡಿ, ಇನ್ನೂ ಬಣ್ಣ ತಾಗದ ಹೂ ಮಾತ್ರ ಬಿಳಿಯಾಗಿ ಉಳಿಯಲಿ. ಮುಂದಿನದರಲ್ಲಿ ಬಟ್ಟಲನ್ನು ನಡುವೆ ಬರೆಯಬೇಡಿ. ಮೂಲೆಯಿಂದ ಮೂಲೆಗೆ ಮಡಚಿ ಕೊರಳಿಗೆ ಕಟ್ಟಿದಾಗ ಹೊರಗೆ ಕಾಣುವುದು ಒಂದು ಮೂಲೆ, ಎರಡು ತುದಿ. ಹೂ ಅಲ್ಲಿರಲಿ.