ಹೊಳೆ ಹಬ್ಬಕ್ಕೆ ಒಂದು ದಿನ ಸಾಲದು

ಓದುಗರ ಪತ್ರ: "ನಮ್ಮ ಯುವಕ ಸಂಘದ ಬೆಳ್ಳಿಹಬ್ಬದ ಅಂಗವಾಗಿ ಬರುವ ಜನವರಿಯಲ್ಲಿ ಪಯಸ್ವಿನಿ ಹೊಳೆಯ ಬಗ್ಗೆ ಜಾಗೃತಿ ಕಾರ್ಯಕ್ರಮ ಮಾಡಬೇಕೆಂದಿದ್ದೇವೆ. ಹೊಳೆಯ ಮರಳದಿಣ್ಣೆಯಲ್ಲಿ ವೇದಿಕೆ, ಶಾಲಾ ಮಕ್ಕಳ ಜಾಥಾ, ಸ್ವಚ್ಛತೆ, ಹೊಳೆಗೆ ಅಡ್ಡಲಾಗಿ ಒಂದು ಕಟ್ಟ (ತಾತ್ಕಾಲಿಕ ಒಡ್ಡು), ಎಲ್ಲವೂ ಒಂದೇ ದಿನ. ಐನೂರು ಜನ ಸೇರಬಹುದು. ಏನೇನು ಸಿದ್ಧತೆ ಬೇಕು?" – ಓದುಗರೊಬ್ಬರು, ಮುಳ್ಳೇರಿಯ

ಸಂಪಾದಕರ ಉತ್ತರ:

ಬೆಳ್ಳಿಹಬ್ಬಕ್ಕೆ ಹೊಳೆಯನ್ನು ನೆನೆದಿರಲ್ಲ, ಅದೇ ದೊಡ್ಡ ಸಂತೋಷ. ಆದರೆ ಯೋಜನೆಯಲ್ಲಿ ಎರಡು ಬದಲಾವಣೆ ಮಾಡಲೇಬೇಕು. ವೇದಿಕೆಯನ್ನು ಮರಳದಿಣ್ಣೆಯಿಂದ ಶಾಲೆಯ ಅಂಗಳಕ್ಕೆ ತನ್ನಿ. ನಾಲ್ಕು ಕೆಲಸಗಳನ್ನು ವರ್ಷದ ನಾಲ್ಕು ದಿನಗಳಿಗೆ ಹಂಚಿ.

ಮರಳದಿಣ್ಣೆ ಏಕೆ ಬೇಡ? ಮಲಯಾಳದಲ್ಲಿ ಪಾಲಪ್ಪೂವನ್ ಎಂದು ಕರೆಯುವ ದೈತ್ಯ ಮೆದುಚಿಪ್ಪಿನ ಆಮೆ ಈ ಹೊಳೆಯಲ್ಲಿದೆ. ಇದು ಅಳಿವಿನಂಚಿನಲ್ಲಿರುವ ಜೀವಿ. ಕಾಸರಗೋಡು ಜಿಲ್ಲೆ ತನ್ನ ಅಧಿಕೃತ ಜೀವಿಯಾಗಿ ಆರಿಸಿಕೊಂಡದ್ದು ಇದನ್ನೇ. ದಿನದ ಬಹುಪಾಲು ಮರಳಿನೊಳಗೆ ಹುದುಗಿರುವ ಇದು ಮೊಟ್ಟೆಯಿಡುವುದು ಹೊಳೆ ಇಳಿದಾಗ ಮೇಲೇಳುವ ದಿಣ್ಣೆಗಳಲ್ಲಿ. ಐನೂರು ಜನ ಓಡಾಡಿ, ಪೆಂಡಾಲಿನ ಗೂಟ ಹೊಡೆದರೆ ಆ ಮೊಟ್ಟೆಗಳ ಗತಿಯೇನು? ಕೆಳಗಡೆ ಹೊಳೆಗೇ ಅಡ್ಡ ಕಟ್ಟಿದರೂ ನೀರು ಏರಿ ಗೂಡು ಮುಳುಗಿ ಮೊಟ್ಟೆ ಕೆಡುತ್ತದೆ. ಆದ್ದರಿಂದ ಕಟ್ಟವನ್ನು ಹೊಳೆಗೆ ಹಾಕಬೇಡಿ, ಹೊಳೆಗೆ ಬಂದು ಸೇರುವ ತೋಡಿಗೆ ಹಾಕಿ. ಅಕ್ಕಪಕ್ಕದ ಬಾವಿ, ಸುರಂಗಗಳ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಬಿಲಗಳ) ನೀರು ಉಳಿಯುವುದೂ ಅದರಿಂದಲೇ.

ಮೊದಲ ದಿನ ಈ ಕಟ್ಟದ್ದೇ ಆಗಲಿ, ಡಿಸೆಂಬರಿನಲ್ಲಿ. ಹರಿವು ತಗ್ಗಿರಬೇಕು, ಆದರೆ ನಿಂತಿರಬಾರದು. ಜನವರಿ ಕಳೆದರೆ ಹಿಡಿಯಲು ನೀರೇ ಇರುವುದಿಲ್ಲ. ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿ ಕೃಷಿಕರು ತೋಡಿನುದ್ದಕ್ಕೂ ಸಾಲುಸಾಲಾಗಿ ಕಟ್ಟ ಹಾಕುತ್ತ ಬಂದಿದ್ದಾರೆ. ನಿಮ್ಮ ಸಂಘದ ನಾಲ್ಕು ಜನ ಮೊದಲು ಅಲ್ಲಿಗೆ ಹೋಗಿ ನೋಡಿ ಬನ್ನಿ. ಒಂದರ ಹಿನ್ನೀರು ಮೇಲಿನದರ ಬುಡ ಮುಟ್ಟುವಂತೆ ಹಾಕಿದರೆ ಪ್ರಯೋಜನ ಹೆಚ್ಚು.

ಲೆಕ್ಕ ಹೀಗಿದೆ. ತೋಡಿನ ಅಗಲ 8 ಮೀಟರು, ಕಟ್ಟದ ಎತ್ತರ 1 ಮೀಟರು ಎಂದಿಟ್ಟುಕೊಳ್ಳಿ. ಅಡಿಪಾಯದಲ್ಲಿ 2 ಮೀಟರು, ಮೇಲ್ಭಾಗದಲ್ಲಿ ಅರ್ಧ ಮೀಟರು ದಪ್ಪ ಬೇಕು. ಒಟ್ಟು 10 ಘನ ಮೀಟರು, ಅಂದರೆ ಸುಮಾರು 430 ಸಿಮೆಂಟ್ ಚೀಲ. ಚೀಲವನ್ನು ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿಸಿ ಬಾಯಿ ಮಡಚಿ. ಪೂರ್ತಿ ತುಂಬಿದ ಚೀಲ ದುಂಡಗಾಗುತ್ತದೆ, ನಡುವಿನ ಸಂದಿಯಲ್ಲಿ ನೀರು ನುಗ್ಗುತ್ತದೆ. ಇಟ್ಟಿಗೆ ಕಟ್ಟುವಂತೆ ಸಂದಿಯ ಮೇಲೆ ಚೀಲ ಬರುವ ಹಾಗೆ ಜೋಡಿಸಿ. ತುಂಬಿಸಲು ಹೊಳೆಯ ಮರಳಿಗೆ ಕೈಹಾಕಬೇಡಿ; ನದಿದಂಡೆ ರಕ್ಷಣೆ ಮತ್ತು ಮರಳು ತೆಗೆಯುವಿಕೆ ನಿಯಂತ್ರಣಕ್ಕೆ ಕೇರಳದಲ್ಲಿ 2001ರ ಕಾಯ್ದೆಯಿದೆ. ತೋಟದ ಮಣ್ಣು ಸಾಕು.

ಕಟ್ಟ ಸೋಲುವುದು ಹೆಚ್ಚಾಗಿ ಮೂರು ಕಡೆ. ತಳದಲ್ಲಿ ಕೊಳೆತ ಎಲೆ, ಸಡಿಲ ಮರಳು ಉಳಿದರೆ ನೀರು ಅಡಿಯಿಂದಲೇ ದಾರಿ ಮಾಡಿಕೊಳ್ಳುತ್ತದೆ. ಗಟ್ಟಿ ನೆಲ ಸಿಗುವವರೆಗೆ ಕೆರೆದು ತೆಗೆಯಿರಿ. ಎರಡೂ ಬದಿಯಲ್ಲಿ ಚೀಲಗಳು ದಂಡೆಯೊಳಗೆ ಅರ್ಧ ಮೀಟರಾದರೂ ಹೊಕ್ಕಿರಬೇಕು, ಇಲ್ಲವಾದರೆ ನೀರು ಪಕ್ಕದಿಂದ ಕೊರೆದು ತೋಟದ ಅಡಿಕೆ ಮರವನ್ನೇ ಬೀಳಿಸೀತು. ಮೂರನೆಯದು ಹೆಚ್ಚಿನ ನೀರಿಗೆ ದಾರಿ. ನಡುಭಾಗದಲ್ಲಿ 2 ಮೀಟರು ಅಗಲಕ್ಕೆ 15 ಸೆಂಟಿಮೀಟರು ತಗ್ಗಿಸಿ, ಕೆಳಗೆ ನೀರು ಬೀಳುವಲ್ಲಿ ಕಲ್ಲು ಹಾಸಿ. ಮೇಲ್ಹರಿವಿನ ಮುಖಕ್ಕೆ ಟರ್ಪಾಲು ಹೊದಿಸಿ ಅದರ ಅಂಚನ್ನು ಒಂದಡಿ ಆಳದ ಕಾಲುವೆಯಲ್ಲಿ ಹೂಳಿ. ಇಷ್ಟನ್ನು ಮಾಡದ ಕಟ್ಟ ವಾರದಲ್ಲಿ ಖಾಲಿಯಾಗುತ್ತದೆ. ನೋಡಿದವರು "ಇದೆಲ್ಲ ಆಗುವ ಮಾತಲ್ಲ" ಎಂದು ತೀರ್ಮಾನಿಸುತ್ತಾರೆ. ಜಾಗೃತಿಗೆ ಅದಕ್ಕಿಂತ ದೊಡ್ಡ ಹಾನಿಯಿಲ್ಲ.

ಚೀಲ ಬಿಸಿಲಿಗೆ ಪುಡಿಯಾಗುತ್ತದೆ. ಮಳೆಗೆ ಮೊದಲು, ಮೇ ಮೂರನೆಯ ವಾರದೊಳಗೆ, ಮಣ್ಣನ್ನು ದಂಡೆಗೆ ಸುರಿದು ಚೀಲವನ್ನೆಲ್ಲ ಹೊರತೆಗೆಯಬೇಕು. ಆ ದಿನಕ್ಕೆ ಬರುವವರ ಹೆಸರನ್ನು ಕಟ್ಟ ಹಾಕಿದ ದಿನವೇ ಬರೆದುಕೊಳ್ಳಿ. ಹಾಗೆ ಮಾಡದಿದ್ದರೆ ಅಷ್ಟೂ ಚೀಲ ಪ್ಲಾಸ್ಟಿಕನ್ನು ಜೂನಿನ ನೆರೆಗೆ ನೀವೇ ಒಪ್ಪಿಸಿದಂತೆ.

ಎರಡನೆಯ ದಿನ, ಜನವರಿಯಲ್ಲಿ, ಹೊಳೆಬದಿಯ ನಡಿಗೆ. ಜಾಥಾ ಬೇಡ. ಘೋಷಣೆ ಕೂಗುತ್ತ ಹೋದವರಿಗೆ ಹೊಳೆ ಕಾಣುವುದಿಲ್ಲ. ಒಂದು ತಂಡದಲ್ಲಿ 25 ಜನ, 3 ಕಿ.ಮೀ. ದೂರ, ಬೆಳಗ್ಗೆ 7ರಿಂದ 10. ದಾರಿ ಅಡಿಕೆ ತೋಟಗಳ ನಡುವೆ ಹಾಯುವುದರಿಂದ ಎರಡು ವಾರ ಮೊದಲೇ ಮನೆಮನೆಗೆ ಹೋಗಿ ಕೇಳಿ. ನಾಯಿ ಕಟ್ಟಿಹಾಕಬೇಕಾದ್ದೂ ಆಗ ತಿಳಿಯುತ್ತದೆ. ತಂಡಕ್ಕೊಬ್ಬ ಹಿರಿಯರು ಜೊತೆಗಿರಲಿ. ಎಲ್ಲಿ ಕಡವು (ಹೊಳೆ ದಾಟುವ ಜಾಗ) ಇತ್ತು, ಯಾವ ಗುಂಡಿ ಬೇಸಗೆಯಲ್ಲೂ ಬತ್ತುತ್ತಿರಲಿಲ್ಲ, 2019ರ ಆಗಸ್ಟಿನಲ್ಲಿ ನೀರು ಎಲ್ಲಿವರೆಗೆ ಬಂತು, ಇವನ್ನೆಲ್ಲ ಎರಡು ಮೀಟರು ಉದ್ದದ ಬಿಳಿ ಬಟ್ಟೆಯಲ್ಲಿ ನಕ್ಷೆಯಾಗಿ ಬರೆಸಿ.

ನಡಿಗೆಯಲ್ಲಿ ಹರಿವು ಅಳೆಯುವ ಕೆಲಸವನ್ನು ಮಕ್ಕಳಿಗೆ ಕಲಿಸಿ. ನೇರ ಹರಿಯುವ ಜಾಗದಲ್ಲಿ ದಂಡೆಗುಂಟ 10 ಮೀಟರು ಗುರುತು ಹಾಕಿ, ಒಂದು ಕಿತ್ತಳೆ ಹಣ್ಣು ತೇಲಿಬಿಟ್ಟು ಸಮಯ ನೋಡಿ. ಮೂರು ಸಲ ಬಿಟ್ಟು ಸರಾಸರಿ ತೆಗೆಯಿರಿ. 25 ಸೆಕೆಂಡಾದರೆ ವೇಗ ಸೆಕೆಂಡಿಗೆ 0.4 ಮೀಟರು. ಅಗಲ 8 ಮೀಟರು, ಸರಾಸರಿ ಆಳ 0.4 ಮೀಟರು ಇದ್ದರೆ ಮೂರನ್ನೂ ಗುಣಿಸಿ. ಮೇಲ್ಮೈ ನೀರು ತಳದ್ದಕ್ಕಿಂತ ಬೇಗ ಹರಿಯುವುದರಿಂದ ಬಂದದ್ದನ್ನು 0.85ರಿಂದ ಮತ್ತೆ ಗುಣಿಸಿ. ಸೆಕೆಂಡಿಗೆ ಸುಮಾರು 1,090 ಲೀಟರು ಸಿಗುತ್ತದೆ. ಇದೇ ಜಾಗದಲ್ಲಿ ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ, ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ ಹೊಳೆ ಹೇಗೆ ಸೊರಗುತ್ತದೆ ಎಂಬುದು ಅವರ ಕೈಬರಹದಲ್ಲೇ ಇರುತ್ತದೆ. ನೀರಿಗಿಳಿಯುವುದು ದೊಡ್ಡವರು ಮಾತ್ರ, ಮೊಣಕಾಲಿನ ಆಳದವರೆಗೆ. ಗಾಳಿ ತುಂಬಿದ ಟ್ಯೂಬು ಮತ್ತು 20 ಮೀಟರು ಹಗ್ಗ ದಂಡೆಯಲ್ಲಿರಲಿ.

ನೀರಿನ ಪರೀಕ್ಷೆಯ ವಿಷಯದಲ್ಲಿ ಎಚ್ಚರ. ನಿಮ್ಮ ಭಾಗಕ್ಕೆ ಉಬ್ಬರದ ನೀರು ಬರುವುದಿಲ್ಲ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿ.ಡಿ.ಎಸ್. ಮೀಟರು ಹೆಚ್ಚೇನೂ ಹೇಳಲಾರದು. ಅದರ ಉಪಯೋಗ ಕೆಳಗಡೆ. 2021ರಲ್ಲಿ ಇದೇ ಹೊಳೆಯ ಬಾವಿಕ್ಕರೆಯ ಅಣೆಕಟ್ಟು ಮುಗಿಯುವ ಮೊದಲು ಬೇಸಗೆಯಲ್ಲಿ ಕಾಸರಗೋಡು ಪೇಟೆಯ ನಲ್ಲಿಗಳಲ್ಲಿ ಉಪ್ಪುನೀರು ಬರುತ್ತಿತ್ತು. ಇನ್ನು, ಕಪ್ಪಾದರೆ ನೀರು ಮಲಿನ ಎಂದು ತೋರಿಸುವ ಪರೀಕ್ಷಾ ಬಾಟಲಿಯಲ್ಲಿ ಹೊಳೆಯ ನೀರು ತುಂಬಿಸಿ ಜನರನ್ನು ಹೆದರಿಸಬೇಡಿ. ತೆರೆದ ಹೊಳೆಯ ನೀರು ಬಹುತೇಕ ಕಪ್ಪಾಗಿಯೇ ಆಗುವುದು, ಅದರಲ್ಲಿ ಹೊಸದೇನಿಲ್ಲ. ಕುಡಿಯುವ ಬಾವಿಯ ನೀರಿಗೆ ಅದನ್ನು ಬಳಸಿದರೆ ಮನೆಯವರಿಗೆ ಉಪಕಾರ.

ಸ್ವಚ್ಛತೆ ಮಾರ್ಚಿ ಹೊತ್ತಿಗೆ, ಹತ್ತನೆಯ ತರಗತಿಯ ಪರೀಕ್ಷೆಯ ದಿನ ನೋಡಿಕೊಂಡು. ಕಸ ಹೆಕ್ಕುವುದು ಸುಲಭ, ಸಾಗಿಸುವುದೇ ಕಷ್ಟ. ಮನೆಮನೆಯಿಂದ ಪ್ಲಾಸ್ಟಿಕು ಒಯ್ಯುವ ಹರಿತ ಕರ್ಮ ಸೇನೆಯವರು ತೆಗೆದುಕೊಳ್ಳುವುದು ತೊಳೆದು ಒಣಗಿಸಿದ ಪ್ಲಾಸ್ಟಿಕು. ಕೆಸರು ಮೆತ್ತಿದ್ದಕ್ಕೆ ವಾಹನ, ಜಾಗ ಎರಡನ್ನೂ ಪಂಚಾಯತಿನಲ್ಲಿ ಮುಂಚೆಯೇ ನಿಗದಿ ಮಾಡಿ. ದಂಡೆಯಲ್ಲಿ ಬಿಟ್ಟುಬಂದ ಮೂಟೆ ಮಳೆಗಾಲದಲ್ಲಿ ಮತ್ತೆ ಹೊಳೆಗೇ ಹೋಗುತ್ತದೆ. ಗಾಜು ಒಂದು ಚೀಲ, ಡಯಾಪರು ಇನ್ನೊಂದು. ದಪ್ಪ ರಬ್ಬರು ಕೈಗವಸು, ಮುಚ್ಚಿದ ಚಪ್ಪಲಿ ಇಲ್ಲದವರು ಇಳಿಯಬಾರದು. ಇಲಿಜ್ವರದ ಮುಂಜಾಗ್ರತೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ವಾರ ಮೊದಲೇ ವಿಚಾರಿಸಿ. ಮಾತ್ರೆ ಅವರು ಹೇಳಿದಂತೆಯೇ ತೆಗೆದುಕೊಳ್ಳಿ.

ನಾಲ್ಕನೆಯದು ಮೇ ಕೊನೆಯಲ್ಲಿ, ಅಡಿಕೆಗೆ ಮೈತುತ್ತು (ಬೋರ್ಡೋ ದ್ರಾವಣ) ಬಿಡುವ ಮುನ್ನ. ಇದು ತೋಟದವರ ಸಭೆ, ಮೂವತ್ತು ಜನ ಸಾಕು. 100 ಲೀಟರು ನೀರಿಗೆ 1 ಕಿಲೋ ತುತ್ತು, 1 ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಗೊತ್ತು. ಡ್ರಮ್ಮು, ಪಂಪು, ಪೈಪು ತೋಡಿನಲ್ಲಿ ತೊಳೆದರೆ ಕರಗಿದ ತಾಮ್ರದ ಅಂಶ ಮೀನನ್ನು ಕೊಲ್ಲುತ್ತದೆ ಎಂಬುದನ್ನು ಮಾತ್ರ ಯಾರೂ ಸಭೆಯಲ್ಲಿ ಎತ್ತುವುದಿಲ್ಲ. ತೊಳೆದ ನೀರನ್ನು ತೋಟದೊಳಗೆ, ತೋಡಿನಿಂದ ದೂರದ ಗುಂಡಿಗೆ ಸುಣ್ಣ ಹಾಕಿ ಬಿಡಬೇಕು. ಬೇಸಗೆಯ ಗುಂಡಿಗಳಿಗೆ ವಿಷ ಹಾಕಿ ಮೀನು ಹಿಡಿಯುವವರ ಬಗ್ಗೆಯೂ ಆ ದಿನವೇ ಮಾತಾಡಿ. ಅದು ನಿಲ್ಲುವುದು ಹೊಳೆಬದಿಯ ಮನೆಯವರು ಮನಸ್ಸು ಮಾಡಿದರೆ ಮಾತ್ರ.

ಕರೆಯೋಲೆ ಕನ್ನಡ, ಮಲಯಾಳ ಎರಡರಲ್ಲೂ ಅಚ್ಚಾಗಲಿ, ರಿಕ್ಷಾದ ಮೈಕಿನಲ್ಲಿ ತುಳುವಿನಲ್ಲೂ ಹೇಳಿಸಿ. ಶುಕ್ರವಾರ ಮಧ್ಯಾಹ್ನ, ಊರಿನ ಜಾತ್ರೆ, ಕೋಲಗಳ ದಿನ ಬಿಟ್ಟು ಆರಿಸಿಕೊಳ್ಳಿ. ಫ್ಲೆಕ್ಸ್ ಬೇಡ, ಬಟ್ಟೆಯ ಬ್ಯಾನರು ಸಾಕು. ಊಟ ಹಾಳೆತಟ್ಟೆಯಲ್ಲಿ, ಮಜ್ಜಿಗೆ ಸ್ಟೀಲ್ ಲೋಟದಲ್ಲಿ. ಸುಳ್ಯ ಕಡೆಯಿಂದಲೂ ನಾಲ್ಕಾರು ಜನರನ್ನು ಕರೆಯಿರಿ. ಕೊಡಗಿನಿಂದ ಕಡಲವರೆಗೆ 105 ಕಿ.ಮೀ. ಹರಿಯುವ ಹೊಳೆಗೆ ರಾಜ್ಯದ ಗಡಿ ಗೊತ್ತಿಲ್ಲ.

ನೀವು ಆರಿಸುವ ತೋಡಿನ ಅಗಲ, ದಂಡೆಯ ಎತ್ತರ ಅಳೆದು ನವೆಂಬರಿನೊಳಗೆ ನಮಗೆ ಬರೆಯಿರಿ. ಅಗಲ 8 ಮೀಟರಿಗಿಂತ ಹೆಚ್ಚಿದ್ದರೆ ಚೀಲದ ಲೆಕ್ಕವೂ ಅಡಿಪಾಯವೂ ಬದಲಾಗುತ್ತದೆ. ಅದನ್ನು ಡಿಸೆಂಬರ್ ಸಂಚಿಕೆಯಲ್ಲಿ ಚಿತ್ರಸಮೇತ ಕೊಡುತ್ತೇವೆ.