ಮಧ್ಯಮ ಹಂತದ ಸುಡೊಕು ಅರ್ಧಕ್ಕೆ ನಿಂತುಹೋದಾಗ, ಊಹೆ ಮಾಡದೆ ಮುಂದುವರಿಯುವುದು ಹೇಗೆ?

ಆ ಹಂತದಲ್ಲಿ ಒಂದು ಮನೆಗೆ ಯಾವ ಅಂಕಿ ಬರುತ್ತದೆ ಎಂಬುದಕ್ಕಿಂತ, ಯಾವ ಅಂಕಿ ಬರಲಾರದು ಎಂಬುದನ್ನು ಹುಡುಕಬೇಕು. ಅದಕ್ಕಾಗಿ ಪ್ರತಿ ಖಾಲಿ ಮನೆಯಲ್ಲಿ ಸಾಧ್ಯವಿರುವ ಅಂಕಿಗಳನ್ನು ಪೆನ್ಸಿಲಿನಿಂದ ಸಣ್ಣದಾಗಿ ಬರೆದುಕೊಂಡು, ಜೋಡಿಗಳನ್ನು ಗಮನಿಸಿ.

ಒಂದು ಅಡ್ಡಸಾಲಿನಲ್ಲಿ 2, 4, 7, 9 ಮಾತ್ರ ಉಳಿದಿವೆ ಎನ್ನೋಣ. ಖಾಲಿ ಇರುವ ನಾಲ್ಕು ಮನೆಗಳ ಪೈಕಿ ಮೊದಲ ಎರಡರಲ್ಲಿ 4 ಮತ್ತು 7 ಮಾತ್ರ ಸಾಧ್ಯ. ಮೂರನೆಯದರಲ್ಲಿ 2, 4, 9. ನಾಲ್ಕನೆಯದರಲ್ಲಿ 2, 7. ಮೊದಲ ಎರಡರಲ್ಲಿ 4 ಎಲ್ಲಿ, 7 ಎಲ್ಲಿ ಎಂಬುದು ನಮಗಿನ್ನೂ ತಿಳಿಯದು. ಆದರೆ ಒಂದು ಸಾಲಿನಲ್ಲಿ ಪ್ರತಿ ಅಂಕಿ ಒಮ್ಮೆ ಮಾತ್ರ ಬರಬೇಕಾದ್ದರಿಂದ, ಕ್ರಮ ಯಾವುದೇ ಇರಲಿ, ಆ ಎರಡು ಅಂಕಿಗಳೂ ಆ ಎರಡು ಮನೆಗಳಲ್ಲೇ ಮುಗಿದುಹೋಗುತ್ತವೆ. ಹಾಗಾಗಿ ಉಳಿದ ಮನೆಗಳಿಂದ 4 ಮತ್ತು 7ನ್ನು ಅಳಿಸಬಹುದು. ಆಗ ನಾಲ್ಕನೆಯ ಮನೆಯಲ್ಲಿ 2 ಮಾತ್ರ ಉಳಿಯುತ್ತದೆ, ಅದರಿಂದ ಮೂರನೆಯದು 9 ಆಗುತ್ತದೆ. ಜೋಡಿಯನ್ನು ಬಿಡಿಸದೆಯೇ ಅಕ್ಕಪಕ್ಕದ ಮನೆಗಳು ತುಂಬಿಬಿಡುವುದು ಈ ಆಟದ ಅತ್ಯಂತ ಸೊಗಸಾದ ಅಂಶವೆಂದು ನನ್ನ ಭಾವನೆ. ಕಂಬಸಾಲಿಗೂ 3×3 ಚೌಕಕ್ಕೂ ಇದೇ ತರ್ಕ ಅನ್ವಯಿಸುತ್ತದೆ.

ಜೋಡಿ ಸಿಗದಿದ್ದರೆ, ಚೌಕ ಮತ್ತು ಸಾಲು ಸೇರುವ ಕಡೆ ನೋಡಿ: ಒಂದು ಚೌಕದೊಳಗೆ 5 ಒಂದೇ ಅಡ್ಡಸಾಲಿನ ಮನೆಗಳಲ್ಲಿ ಮಾತ್ರ ಸಾಧ್ಯವಿದ್ದರೆ, ಆ ಸಾಲಿನಲ್ಲಿ ಚೌಕದ ಹೊರಗಿರುವ ಮನೆಗಳಿಂದ 5ನ್ನು ತೆಗೆದುಹಾಕಬಹುದು.

ಒಂದು ಅಂಕಿ ಖಚಿತವಾದ ಕೂಡಲೇ ಅದರ ಸಾಲು, ಕಂಬಸಾಲು, ಚೌಕಗಳ ಟಿಪ್ಪಣಿಗಳಿಂದ ಅದನ್ನು ಅಳಿಸಲು ಮರೆಯಬೇಡಿ. ಹಳೆಯ ಟಿಪ್ಪಣಿ ಉಳಿದರೆ, ಇರುವ ಜೋಡಿಯೂ ಕಣ್ಣಿಗೆ ಬೀಳುವುದಿಲ್ಲ.