ಪರ್ಲ್ ಹಾರ್ಬರ್ ನೋಡುತ್ತಾ ಕೂತ ಯೋಶಿಕಾವಾ

ಅಮೆರಿಕದ ಹವಾಯಿಯಲ್ಲಿರುವ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ 1941ರಲ್ಲಿ ಜಪಾನ್ ನಡೆಸಿದ ದಾಳಿಗೆ ಮುಂಚೆ ಅಲ್ಲಿದ್ದ ಜಪಾನಿನ ಗೂಢಚಾರ ರಹಸ್ಯ ಕಡತ ಕದ್ದಿದ್ದನಾ ಅಂತ ಕೇಳಿದ್ದೀರಿ. ಇಲ್ಲ, ಅವನಿಗೆ ಅದರ ಅಗತ್ಯವೇ ಬೀಳಲಿಲ್ಲ. ನೌಕಾಪಡೆಯ ಗುಪ್ತಚರ ವಿಭಾಗದ ತಕೆಯೊ ಯೋಶಿಕಾವಾ 1941ರ ಮಾರ್ಚಿನಲ್ಲಿ ಪರ್ಲ್ ಹಾರ್ಬರ್ ಹತ್ತಿರದ ಹೊನೊಲುಲು ನಗರಕ್ಕೆ ಬಂದ. ಹೇಳಿಕೊಂಡ ಹೆಸರು ತದಾಶಿ ಮೊರಿಮುರಾ. ತೋರಿಕೆಗೆ ಜಪಾನ್ ಕಾನ್ಸುಲೇಟಿನಲ್ಲಿ ಕೆಲಸ. ಬಂದರು ಕಾಣುವ ಎತ್ತರದಲ್ಲಿ ಜಪಾನೀ ಟೀ ಹೌಸ್ ಒಂದಿತ್ತು, ಅಲ್ಲಿಂದ ಟೆಲಿಸ್ಕೋಪಿನಲ್ಲಿ ಹಡಗುಗಳನ್ನು ನೋಡುತ್ತಿದ್ದ. ಬಾಡಿಗೆ ವಿಮಾನದಲ್ಲೂ ಸುತ್ತಿದ. ಯಾರಿಗಾದರೂ ಕಾಣುವಂಥದ್ದೇ ಅಲ್ವಾ? ಆದರೆ ತಿಂಗಳುಗಟ್ಟಲೆ ಬಿಡದೆ ಗಮನಿಸಿದ, ನನ್ನನ್ನು ಬೆಚ್ಚಿಬೀಳಿಸುವುದು ಅದೇ. ವಾರಾಂತ್ಯದಲ್ಲಿ ಬಂದರಿನಲ್ಲಿ ಹಡಗು ಜಾಸ್ತಿ ಅಂತ ಹಾಗೇ ಗೊತ್ತಾಯಿತು. ದಾಳಿಯಾದ ಡಿಸೆಂಬರ್ 7 ಭಾನುವಾರ. ಆ ದಿನಾಂಕವನ್ನು ಅವನಿಗೂ ಹೇಳಿರಲಿಲ್ಲ.